ನನ್ನ ಬೆನ್ನನ್ನು ನಂಬಿದ ಸೊಸೆಗೆ

ನನ್ನ ಸೊಸೆಗೆ,

"ಸೊಸೆ" ಎನ್ನುವ ಮೊದಲು "ಪ್ರೀತಿಯ" ಎಂದು ಸೇರಿಸಲು ಹೊರಟೆ, ಪೆನ್ನು ನಿಂತಿತು. ಈ ಮನೆಯಲ್ಲಿ ಆ ಮಾತನ್ನು ನಾನು ಹಾಗೆಲ್ಲ ಖರ್ಚು ಮಾಡಿದವಳಲ್ಲ. ಅದು ಅಲ್ಲಿದೆ ಎಂದುಕೊಂಡು ನೀನೇ ಓದಿಕೊ.

ಮಗುವನ್ನು ಶಾಲೆಯಿಂದ ಕರೆತರಲು ನೀನು ಹೋಗಿದ್ದೀಯ. ನೀನು ಬರುವುದರೊಳಗೆ ಇದನ್ನು ಮುಗಿಸಿ ನಿನ್ನ ದಿಂಬಿನ ಕೆಳಗೆ ಇಡಬೇಕು. ಮಧ್ಯಾಹ್ನ ಆ ಸಿನಿಮಾ ನಿರ್ದೇಶಕಿಯ ಫೋನು ಬಂದಾಗ ನೀನು ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು "ಹೂಂ, ಹೂಂ" ಎನ್ನುತ್ತ ನಿಂತಿದ್ದೆ. ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಅತ್ತೆ, ನಾಳೆಯಿಂದ್ಲೇ ಬಾ ಅಂದ್ರು" ಎಂದೆ. ನಾನು, "ಸೌಟು ಇಡು, ನೆಲಕ್ಕೆಲ್ಲಾ ತೊಟ್ಟಿಕ್ತಿದೆ" ಎಂದು ಹೇಳಿ ಪಾತ್ರೆ ಕಡೆ ತಿರುಗಿದೆ. ನಿನ್ನ ಮುಖ ಸಪ್ಪಗಾಗಿದ್ದು ಕಿಟಕಿಯ ಗಾಜಿನಲ್ಲಿ ಕಂಡಿತು. ಅದಕ್ಕೇ ಈ ಕಾಗದ.

ನೀನು ಈ ಮನೆಗೆ ಬಂದ ಹೊಸತರಲ್ಲಿ ನಿನ್ನ ಕೆಲಸ ಏನೆಂದು ನನಗೆ ಅರ್ಥವಾಗಿರಲಿಲ್ಲ. "ಯಾರೋ ತೆಗೆದ ಸಿನಿಮಾನ ಕತ್ತರಿಸಿ ಅಂಟಿಸೋದಕ್ಕೂ ಸಂಬಳ ಕೊಡ್ತಾರಾ?" ಎಂದು ಕೇಳಿದ್ದೆ. ಅವಮಾನವಾಗಲಿ ಎಂದೇ ಕೇಳಿದ್ದು. ನೀನು ತಲೆ ತಗ್ಗಿಸದೆ, "ಬೇಡದ್ದು ತೆಗೀತಾ ಹೋಗೋದು ಅತ್ತೆ, ಬೇಕಾದ್ದು ಉಳಿಯೋವರೆಗೂ" ಎಂದಿದ್ದೆ. ಈ ಹುಡುಗಿಗೆ ಹಳೆಯ ಸಾಮಾನು ತುಂಬಿದ ನಮ್ಮ ಅಟ್ಟವನ್ನು ಒಪ್ಪಿಸಬಹುದು ಎಂದು ಅಂದೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಹೊಗಳಿಕೆ; ಆದರೆ ಬಾಯಿಗೆ ಬರಲಿಲ್ಲ.

ಆಮೇಲೆ ಮಗು ಹುಟ್ಟಿತು, ತೂಕವಿಲ್ಲದ ಕೂಸು. ನೀನು ಎಡಿಟಿಂಗ್ ಕೋಣೆಯ ಕುರ್ಚಿ ಬಿಟ್ಟು ಆಸ್ಪತ್ರೆಯ ಕುರ್ಚಿ ಹಿಡಿದೆ. ಮಗು ಚೇತರಿಸಿಕೊಂಡಿತು, ಶಾಲೆಗೂ ಹೊರಟಿತು. ನೀನು ಮತ್ತೆ ಕಂಪ್ಯೂಟರ್ ತೆರೆದು ಕೂತ ದಿನ ನಿನ್ನ ಬೆರಳುಗಳು ಗಾಳಿಯಲ್ಲಿ ನಿಂತುಬಿಟ್ಟವು. ಸಾಫ್ಟ್‌ವೇರ್ ಪೂರ್ತಿ ಬದಲಾಗಿತ್ತು. "ನನ್ನ ಮನೇಲೇ ನಾನು ಲೈಟ್ ಸ್ವಿಚ್ ಹುಡುಕ್ತಿದ್ದೀನಿ ಅತ್ತೆ" ಎಂದೆ. ನನ್ನ ಮಗ ದಿನವೆಲ್ಲ ಲಿಫ್ಟು ರಿಪೇರಿ ಮಾಡುವವನು, ಅವನಿಗೆ ಎಲ್ಲವೂ ಗುಂಡಿ ಒತ್ತಿದರೆ ಮೇಲೇರುವ ವಿಷಯ. "ಕಲ್ತುಕೊಂಡ್ರಾಯ್ತು ಬಿಡೇ" ಎಂದು ಹೇಳಿ ನಿದ್ದೆಗೆ ಹೋದ.

ನೀನು ಕಲಿಯತೊಡಗಿದೆ. ಶುಕ್ರವಾರ ಬಂತೆಂದರೆ ಫೋನಿನಲ್ಲಿ ಎಡಿಟರುಗಳಿಗೆಂದೇ ಬರುವ ಆ ಸುದ್ದಿ ಕಾರ್ಯಕ್ರಮ. ಯಾವ ಸಾಫ್ಟ್‌ವೇರಿಗೆ ಏನು ಹೊಸದಾಗಿ ಬಂತು, ಯಾವುದನ್ನು ಅರ್ಧ ಕೆಲಸದಲ್ಲಿ ಅಪ್‌ಡೇಟ್ ಮಾಡಿದರೆ ಕೈ ಸುಟ್ಟುಕೊಳ್ಳುತ್ತೀರಿ, ಅಭ್ಯಾಸಕ್ಕೆ ಪುಕ್ಕಟೆ ಚಿತ್ರಗಳು ಎಲ್ಲಿ ಸಿಗುತ್ತವೆ. ಕೊನೆಯಲ್ಲಿ ಹಳೆಯ ಎಡಿಟರ್ ಒಬ್ಬರ ಪಾಠ. ನೆಗಡಿ ಹಿಡಿದವರಂತೆ ಅವರ ದನಿ ಸದಾ ಗೊರಗೊರ. ನಾನು ಅವರಿಗೆ ಗೊಗ್ಗರಣ್ಣ ಎಂದು ಹೆಸರಿಟ್ಟೆ. ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ ಈ ಮನೆಯಲ್ಲಿ ಗೊಗ್ಗರಣ್ಣನದೇ ಮಾತು. ಕೇಳಿ ಕೇಳಿ ನನಗೂ ಅಷ್ಟಿಷ್ಟು ಕಿವಿಗೆ ಬಿತ್ತು.

ಒಂದು ಶುಕ್ರವಾರ ಕೆಟ್ಟ ಸುದ್ದಿ ಬಂತು. ಗಂಟೆಗಟ್ಟಲೆ ಚಿತ್ರವನ್ನು ಯಂತ್ರವೇ ನೋಡಿ, ತಾನೇ ಆರಿಸಿ, ತಾನೇ ಕತ್ತರಿಸಿ ಕೊಡುತ್ತದಂತೆ. ನೀನು ನಲ್ಲಿ ನಿಲ್ಲಿಸಿ, "ಇನ್ನು ನಮ್ಮಂಥೋರ ಕೆಲಸ ಮುಗೀತು ಅತ್ತೆ" ಎಂದೆ. ನಾನು, "ಆ ಯಂತ್ರಕ್ಕೆ ಬೇಜಾರಾಗುತ್ತಾ?" ಎಂದು ಕೇಳಿದೆ. "ಯಂತ್ರಕ್ಕೆಂಥ ಬೇಜಾರು?" ಎಂದೆ ನೀನು. "ಮತ್ತೆ ನೋಡೋರಿಗೆ ಎಲ್ಲಿ ಬೇಜಾರಾಗುತ್ತೆ ಅಂತ ಅದಕ್ಕೆ ಹೇಗೆ ತಿಳಿಯುತ್ತೆ? ನಲ್ಲಿ ಬಿಡು, ಸೋಪು ಒಣಗ್ತಿದೆ" ಎಂದೆ ನಾನು. ಬಾಯಿಗೆ ಬಂದ ಮಾತು. ಅದು ನನಗೇ ತಿರುಗಿ ಬರುತ್ತದೆಂದು ಗೊತ್ತಿರಲಿಲ್ಲ.

ನೀನು ಕೆಲಸ ಕೇಳಿದ ನಿರ್ದೇಶಕಿ ಕೊಟ್ಟದ್ದು ಪರೀಕ್ಷೆಯ ಕೆಲಸ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರ ಮೇಲೆ ಅವರು ತೆಗೆದ ಸಣ್ಣ ಚಿತ್ರ. ಅದನ್ನು ನೀನು ಎಡಿಟ್ ಮಾಡಿ ಸೋಮವಾರ ಬೆಳಗ್ಗೆ ಕೊಡಬೇಕು. ಹಿಡಿಸಿದರೆ ಅವರ ಎಡಿಟಿಂಗ್ ಕೋಣೆಯಲ್ಲಿ ಕುರ್ಚಿ ನಿನ್ನದು, ಇಲ್ಲದಿದ್ದರೆ ಕಾದು ನಿಂತಿರುವ ಇನ್ನೊಬ್ಬನದು. ನೀನು ಬಡಕಲಾದೆ. ಇದೂ ಹೋದರೆ ಈ ಹುಡುಗಿ ಇನ್ನೊಮ್ಮೆ ಕಂಪ್ಯೂಟರ್ ತೆರೆಯುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ನೀನು ಹಾಡುವುದನ್ನು ನಿಲ್ಲಿಸಿದ್ದೆ. ನಿನ್ನ ಹಾಡು ಕೇಳಲು ಅಂಥ ಚೆಂದವೇನಲ್ಲ, ಆದರೆ ಅದಿಲ್ಲದ ಮನೆ ಬಿಕೋ ಎನ್ನುತ್ತಿತ್ತು.

ಶನಿವಾರ ಸಂಜೆ, "ಅತ್ತೆ, ಒಂದ್ಸಲ ನೋಡಿ. ನಿಮಗೆ ಕಥೆ ಗೊತ್ತಿಲ್ಲ, ಅದಕ್ಕೆ" ಎಂದು ಕರೆದೆ. ನನಗೆ ಮರ್ಯಾದೆ ಕೊಟ್ಟು ಕರೆದೆ ಎಂದುಕೊಂಡೆ. ಒಳ್ಳೆಯ ಸೀರೆ ಉಟ್ಟುಬಂದು ಕೂತೆ. ನೀನು ಹಿಂದೆ ಸ್ಟೂಲು ಹಾಕಿಕೊಂಡು ಕೂತೆ, ಯಾಕೆಂದು ನಾನು ಕೇಳಲಿಲ್ಲ. ನಾನು ಹೇಗೆ ಕೂರುವವಳೆಂದು ನಿನಗೆ ಗೊತ್ತು. ದೊಡ್ಡವರ ಎದುರು ಅಲುಗಾಡಬಾರದು, ಆಕಳಿಸಬಾರದು, ನಡುವೆ ಎದ್ದರೆ ಎದುರಿನವರಿಗೆ ಅವಮಾನ ಎಂದು ಕಲಿತು ಬೆಳೆದವಳು. ನನ್ನ ಗಂಡ ತೀರಿಕೊಂಡ ದಿನವೂ ಗೋಡೆಗೆ ಒರಗದೆ ಕೂತಿದ್ದೆ. "ಅಮ್ಮ ಕೂತ್ರೆ ಕಂಬಾನೇ ಎದ್ದು ಜಾಗ ಬಿಡುತ್ತೆ" ಎಂದು ನಿನ್ನ ಗಂಡ ಗೇಲಿ ಮಾಡುವುದು ಸುಳ್ಳಲ್ಲ. ಚಿತ್ರ ಮುಗಿಯುವವರೆಗೂ ನಾನು ಕದಲಲಿಲ್ಲ. ಮುಗಿದ ಮೇಲೆ, "ಚೆನ್ನಾಗಿದೆ" ಎಂದೆ. ನೀನು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಭಾನುವಾರ ನಾವಿಬ್ಬರೂ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆವು, ಗೊಗ್ಗರಣ್ಣನ ಹಳೆಯ ಪಾಠವೊಂದು ಓಡುತ್ತಿತ್ತು. "ಕಥೆ ಗೊತ್ತಿಲ್ಲದ ಒಬ್ಬರನ್ನ ಕೂರಿಸಿ. ನೀವು ಹಿಂದೆ ಕೂತ್ಕೊಳ್ಳಿ. ಪರದೆ ನೋಡ್ಬೇಡಿ, ಅವರ ಬೆನ್ನು ನೋಡಿ. ಎಲ್ಲಿ ಮಿಸುಕಾಡ್ತಾರೋ ಅಲ್ಲಿ ನಿಮ್ಮ ಚಿತ್ರ ಸತ್ತಿದೆ. ಚೆನ್ನಾಗಿದೆಯಾ ಅಂತ ಕೇಳಕ್ಕೆ ಹೋಗ್ಬೇಡಿ, ಬಾಯಿ ಸುಳ್ಳು ಹೇಳುತ್ತೆ. ಬೆನ್ನು ಹೇಳಲ್ಲ."

ನನ್ನ ಕೈಯಲ್ಲಿದ್ದ ಕ್ಲಿಪ್ಪು ಕೆಳಗಿನ ಮನೆಯವರ ಕಿಟಕಿಯ ಮೇಲೆ ಬಿತ್ತು. ನೀನು ಬಗ್ಗಿ ನೋಡಿ ನಕ್ಕೆ. ನನಗೆ ನಗು ಬರಲಿಲ್ಲ. ಗೊಗ್ಗರಣ್ಣ ನನ್ನಂಥ ಬೆನ್ನನ್ನು ಕಂಡಿಲ್ಲ. ಅರವತ್ತು ದಾಟಿದ ಈ ಬೆನ್ನು ಬಾಯಿಗಿಂತ ಚೆನ್ನಾಗಿ ಸುಳ್ಳು ಹೇಳುತ್ತದೆ. ಚಿತ್ರದ ನಡುವೆ ಬಿಳಿ ಹೊದಿಕೆಗಳು ಹಗ್ಗದ ಮೇಲೆ ಹಾರುತ್ತವಲ್ಲ, ಹಾರುತ್ತಲೇ ಇರುತ್ತವಲ್ಲ, ಪಿಟೀಲು ಅಳುತ್ತಲೇ ಇರುತ್ತದಲ್ಲ, ಅಲ್ಲಿ ನನ್ನ ಎಡಗಾಲು ಜೋಮು ಹಿಡಿದಿತ್ತು. ಎದ್ದು ಹೋಗಿ ನೀರು ಕುಡಿಯಬೇಕು ಎನಿಸಿತ್ತು. ಯಂತ್ರಕ್ಕೆ ಬೇಜಾರಾಗುತ್ತಾ ಎಂದು ಕೇಳಿದ ನಾನೇ ಯಂತ್ರದ ಹಾಗೆ ಕೂತಿದ್ದೆ. ನೀನು ನನ್ನನ್ನು ನಂಬಿ ಮರುದಿನ ಅದನ್ನು ಹಾಗೆಯೇ ಕೊಡಲು ಹೊರಟಿದ್ದೆ.

ಹೇಳಿದ ಮಾತನ್ನು ಹಿಂದೆ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ. ಹಾಗಾಗಿ, "ಆ ಚಿತ್ರ ಇನ್ನೊಂದ್ಸಲ ಹಾಕು" ಎಂದೆ. "ಯಾಕತ್ತೆ?" ಎಂದೆ ನೀನು. "ಹಾಕು ಅಂದೆ."

ಈ ಸಲ ಮನೆಯ ಸೀರೆಯಲ್ಲೇ ಕೂತೆ. ಹೊದಿಕೆಗಳು ಬಂದವು. ಕಾಲನ್ನು ಅದರ ಪಾಡಿಗೆ ಬಿಟ್ಟೆ, ಅದು ಚಾಚಿಕೊಂಡಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ. ಜೀವಮಾನದಲ್ಲೇ ಮೊದಲ ಸಲ ಯಾರದೋ ಮಾತಿನ ನಡುವೆ ಎದ್ದು ಅಡುಗೆಮನೆಗೆ ನಡೆದೆ. ಹಿಂದೆ ಪಿಟೀಲು ತಟ್ಟನೆ ನಿಂತಿತು. ನೀನು ಬಾಗಿಲಲ್ಲಿ ಬಂದು ನಿಂತೆ.

"ನೀರು ಬೇಕಿತ್ತಾ ಅತ್ತೆ?"

"ಬೇಡ."

"ಮತ್ತೆ?"

"ಆ ಬಟ್ಟೆ ಒಣಗೋವರೆಗೂ ಕಾಯಕ್ಕಾಗಲ್ಲ ನನ್ನ ಕೈಲಿ."

ನಿನ್ನ ಕಣ್ಣು ಕೆಂಪಾಯಿತು. ಆ ಹೊದಿಕೆಗಳು ನಿನಗೆ ಪ್ರಾಣ ಎಂದು ನನಗೆ ಗೊತ್ತಿತ್ತು. "ನಿನ್ನೆ ಅಲ್ಲಾಡ್ಲೇ ಇಲ್ವಲ್ಲ ನೀವು" ಎಂದೆ ನೀನು. "ನಿನ್ನೆ ಕಾಲು ಮರಗಟ್ಟಿತ್ತು. ಯಾರಿಗೂ ಹೇಳಲಿಲ್ಲ" ಎಂದೆ ನಾನು. ನೀನು ಬಾಗಿಲಿಗೆ ಒರಗಿದವಳು ಹಾಗೇ ಜಾರಿ ನೆಲದ ಮೇಲೆ ಕೂತು ನಕ್ಕೆ. ಅಳುತ್ತಿದ್ದೆಯೊ ನಗುತ್ತಿದ್ದೆಯೊ ನನಗೆ ತಿಳಿಯಲಿಲ್ಲ. ಆಮೇಲೆ ಮುಖ ತೊಳೆದು ಕೆಲಸಕ್ಕೆ ಕೂತೆ. ಮಗುವಿಗೆ ಊಟ ನಾನೇ ಹಾಕಿದೆ, ನಿನ್ನ ಗಂಡನ ಬಾಯಿಯನ್ನೂ ನಾನೇ ಮುಚ್ಚಿಸಿದೆ.

ಸಂಜೆ ನೀನು ಮೂರನೆಯ ಸಲ ತೋರಿಸಿದೆ. ಹೊದಿಕೆಗಳೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. ಒಬ್ಬ ಮುದುಕಿಯ ಕೈ ಅದನ್ನು ಹಗ್ಗದಿಂದ ಎಳೆಯುತ್ತದೆ. ಮರುಕ್ಷಣವೇ ಅದು ಯಾರದೋ ಕೂಸಿನ ಕೆಳಗೆ ಹಾಸಿರುತ್ತದೆ. ಪಿಟೀಲಿಲ್ಲ. ಆ ಕೂಸನ್ನು ಕಂಡಾಗ ನನಗೆ ನಮ್ಮ ಕೂಸು ಆಸ್ಪತ್ರೆಯಲ್ಲಿದ್ದ ದಿನಗಳು ಎದುರು ಬಂದವು. ನಾನು ಕದಲಲಿಲ್ಲ. ಈ ಸಲ ಅಭ್ಯಾಸಬಲದಿಂದಲ್ಲ. ಅದನ್ನು ನಿನಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ನೀನೇ ಹಿಂದಿನಿಂದ ಮೆಲ್ಲಗೆ, "ಗೊತ್ತಾಯ್ತು ಅತ್ತೆ. ಬೆನ್ನು ನೆಟ್ಟಗೇ ಇತ್ತು, ಹೆಗಲು ಇಳಿದಿತ್ತು" ಎಂದೆ.

ಇಂದು ಫೋನು ಬಂದಾಗ ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಹೊರಗಿಟ್ಟಂತಾಯಿತು. ಅದು ಮುಖದಲ್ಲಿ ಕಾಣಬಾರದೆಂದು ಪಾತ್ರೆಯ ಕಡೆ ತಿರುಗಿ ಕಟ್ಟೆ ಹಿಡಿದುಕೊಂಡೆ. ನಿನಗೆ ಕಂಡದ್ದು ನೆಟ್ಟಗಿನ ಬೆನ್ನು. ನೀನು ಬಂದಾಗಿನಿಂದಲೂ ನಿನಗೆ ಕಂಡದ್ದು ಅದೇ. ನೀನು ಬಂದ ದಿನ ನನಗೆ ಸಂತೋಷವಾಗಿತ್ತು. ಮಗುವಿನ ಪಕ್ಕ ನೀನು ಕಣ್ಣು ಮುಚ್ಚದೆ ಕೂತ ದಿನಗಳಲ್ಲಿ ನಿನ್ನ ಮೇಲೆ ಗೌರವ ಬಂದಿತ್ತು. ಅಟ್ಟದ ಜೊತೆಗೆ ಮಿಕ್ಕ ಮನೆಯನ್ನೂ ಒಪ್ಪಿಸಬಹುದು ಎನಿಸಿತ್ತು.

ಮೆಟ್ಟಿಲ ಮೇಲೆ ಮಗುವಿನ ಸದ್ದು ಕೇಳುತ್ತಿದೆ, ಜೊತೆಗೆ ನಿನ್ನ ಆ ಅಪಸ್ವರದ ಹಾಡು. ಮುಗಿಸುತ್ತೇನೆ.

ನಾಳೆ ನೀನು ಹೊರಡುವಾಗ ನಾನು ಬಾಗಿಲಿಗೆ ಬಂದು ಕೈ ಬೀಸುವವಳಲ್ಲ. ಒಲೆಯ ಮುಂದೆ ನಿನಗೆ ಬೆನ್ನು ಮಾಡಿ ನಿಂತಿರುತ್ತೇನೆ. ಅದು ನೆಟ್ಟಗೇ ಇರುತ್ತದೆ, ಈ ವಯಸ್ಸಿನಲ್ಲಿ ಇನ್ನು ಬಗ್ಗುವುದಿಲ್ಲ. ನೀನು ಹೆಗಲು ನೋಡಿ ಹೋಗು.

ನಿನ್ನ ಕೈ ಚುರುಕಾಗಿರಲಿ, ಕಣ್ಣು ಮಂಜಾಗದಿರಲಿ, ನೀನು ಕೂತ ಕುರ್ಚಿ ನಿನ್ನದೇ ಆಗಿ ಉಳಿಯಲಿ.

ಇತಿ,
ನಿನ್ನ ಅತ್ತೆ