ನಾಲ್ಕನೆಯ ನಲ್ಲಿ

1957 ಜನವರಿ 11, ಬೆಳಗ್ಗೆ ಆರು

ಮೈನಸ್ ಮೂವತ್ತೆಂಟು. ಡ್ರೈವರ್ ಟೋಕ್ಸನ್‌ಬಾಯ್ ಅಣ್ಣನ ಉಗಿ ಇಂಜಿನ್ ರಾತ್ರಿಯೆಲ್ಲ ಬಯಲಲ್ಲೇ ನಿಂತಿತ್ತು. ಸಿಲಿಂಡರ್ ಎರಡು, ಅಡಿಯಲ್ಲಿ ನಲ್ಲಿ ನಾಲ್ಕು — ನಾಲ್ಕೂ ಹೆಪ್ಪುಗಟ್ಟಿವೆ. ಎಣ್ಣೆಬಟ್ಟೆ ಉರಿಸಿ ಒಂದೊಂದಾಗಿ ಕಾಯಿಸಬೇಕು. ತಣ್ಣನೆ ಕಬ್ಬಿಣಕ್ಕೆ ತಾಗಿದ ಹಬೆ ನೀರಾಗುತ್ತದೆ. ಆ ನೀರು ನಲ್ಲಿಯಿಂದ ಇಳಿಯದಿದ್ದರೆ ಪಿಸ್ಟನ್ನಿಗೆ ಸಿಕ್ಕಿ ಸಿಲಿಂಡರೇ ಒಡೆಯುತ್ತದೆ. ಇಪ್ಪತ್ತೆರಡು ವರ್ಷದಿಂದ ಹೊಸ ಫಿಟ್ಟರುಗಳಿಗೆ ಇದನ್ನೇ ಹೇಳುತ್ತಿದ್ದೇನೆ. ಮಗಳು ಮರಿಯಾಶ್ ಆಸ್ಪತ್ರೆಯಲ್ಲಿ, ನೋವು ಶುರುವಾಗಿದೆ. ಜೀವವೆಲ್ಲ ಅಲ್ಲೇ.

ಅದೇ ದಿನ, ಎಂಟು

ಮೊಮ್ಮಗ! ಮೂರನೆಯ ನಲ್ಲಿ ಮುಗಿಸಿದ್ದೆ. ರೈಲಿನ ಹಳಿ ಬದಲಿಸುವ ಪಾಯಿಂಟಿನ ಕೆಲಸದ ಬಾಲ್ಕಿಯಾ ಹಳಿ ದಾಟಿ ಓಡಿ ಬಂದಳು. "ಸುಯಿಂಶಿ, ಸೆಯಿಲಣ್ಣ, ಸುಯಿಂಶಿ! ಮೊದ್ಲು ಏನಾದ್ರೂ ಕೊಡು, ಆಮೇಲೆ ಹೇಳ್ತೀನಿ!" ಸಿಹಿಸುದ್ದಿ ತಂದವರು ಸುಯಿಂಶಿ ಕೇಳಿದರೆ ಬರಿಗೈಲಿ ಕಳಿಸುವುದುಂಟೇ? ಕುರಿದೊಗಲಿನ ಕೈಗವಸು ಬಿಚ್ಚಿ ಕೊಟ್ಟೆ. "ಗಂಡು! ನಿನ್ ಥರಾನೇ ಮೂಗೇ ಇಲ್ಲ!" ಅಂದು ಕುಣಿದಳು.

ಬರಿಗೈಲಿ ಕಬ್ಬಿಣ ಮುಟ್ಟಿದರೆ ಚರ್ಮ ಕಿತ್ತು ಬರುತ್ತಿದೆ. ನಾಲ್ಕನೆಯದು... ಹಬೆಯ ಶಾಖಕ್ಕೇ ಬಿಟ್ಟುಕೊಳ್ಳುತ್ತದೆ ಬಿಡು.

ಜನವರಿ 15

ಪೆನ್ನು ಹಿಡಿಯಲಾಗಿರಲಿಲ್ಲ. ಅವತ್ತು ಹೊರಡುವಾಗ ಅಣ್ಣ ಮೇಲಿಂದ ಕೂಗಿದ: "ನಲ್ಲಿ ನಾಲ್ಕೂ ಉಸಿರಾಡ್ತಾವೇನೋ, ಸೆಯಿಲ್?" ಹಬೆ ಮುಸುಕಿ ಏನೂ ಕಾಣುತ್ತಿರಲಿಲ್ಲ. "ನಾಲ್ಕೂ!" ಅಂದೆ.

ಹತ್ತು ಮಾರು ಹೋಗಿರಲಿಲ್ಲ, ನಾಲ್ಕನೆಯ ನಲ್ಲಿಯಿದ್ದ ಎಡಗಡೆ ಸಿಲಿಂಡರಿನ ಮುಚ್ಚಳ ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಸಿಲಿಂಡರ್ ಕಾಯಿಸದೆ ಅವಸರ ಮಾಡಿದ ಎಂದು ಅಣ್ಣನನ್ನು ಇಂಜಿನ್‌ನಿಂದ ಇಳಿಸಿದ್ದಾರೆ. ಇಪ್ಪತ್ತಕ್ಕೆ ವಿಚಾರಣೆ. ಮತ್ತೆಂದೂ ಹತ್ತಿಸಲಿಕ್ಕಿಲ್ಲ.

ಜನವರಿ 17

ಮೂವತ್ತು ವರ್ಷ ಇಂಜಿನ್ ಓಡಿಸಿದ ಅಣ್ಣ ಬೂದಿಗುಂಡಿ ಬಳಿಯುತ್ತಿದ್ದಾನೆ! ಚಹಾ ಕೊಟ್ಟು ಕೇಳಿದೆ, "ನನ್ ಹೆಸರು ಹೇಳಿದ್ಯಾ ಅಣ್ಣ?"

"ನಿನ್ ಹೆಸರು ಯಾಕೋ? ನೀನು ನಾಲ್ಕು ಅಂದ್ಮೇಲೆ ನಾಲ್ಕೇ. ನಲ್ಲಿ ಸದ್ದು ಎಣಿಸೋಕೆ ನನ್ ಕಿವಿಗೇ ವಯಸ್ಸಾಯ್ತು. ಅದಿರ್ಲಿ, ಮಗೂಗೆ ಹೆಸರಿಡೋಕೆ ಬರ್ಲೋ ಬೇಡ್ವೋ? ಇಂಜಿನ್ ಒಡೆದವನ ಬಾಯಿಂದ ಬೇಡ ಅನ್ಸಿದ್ರೆ ಹೇಳ್ಬಿಡು."

ಥೂ, ನನ್ನ ಜನ್ಮಕ್ಕೆ. "ಬಾ ಅಣ್ಣ" ಅಂದೆ.

ಜನವರಿ 19

ತೆಮಿರ್ ಎಂದು ಹೆಸರಿಡುವುದಾಗಿ ಮಾತಾಗಿತ್ತು. ಕಬ್ಬಿಣ. ಅಣ್ಣ ಒಗೆದ ಕೋಟು ಹಾಕಿಕೊಂಡು ಬಂದ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಬಾಲ್ಕಿಯಾ ಕೈಗವಸು ತೋರಿಸಿ ನಕ್ಕಳು: "ನೀನು ಹುಟ್ಟಿದ್ದಕ್ಕೆ ಸಿಕ್ಕಿದ್ದು ಕಣೋ ಮರಿ! ಇವರ ಇಂಜಿನ್ ಕೆಳಗೇ, ನಲ್ಲಿ ಕಾಯಿಸ್ತಾ ಇದ್ದಾಗ್ಲೇ ನಿಮ್ಮಜ್ಜ ಬಿಚ್ಚಿಕೊಟ್ಟ."

ಅಣ್ಣ ಕೈಗವಸು ನೋಡಿದ. ಆಮೇಲೆ ನನ್ನ ಬೆರಳು — ಚಳಿಗೆ ಗುಳ್ಳೆ ಎದ್ದು ಸುಲಿದ ಬೆರಳು. ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ. ತೆಮಿರ್ ಅಲ್ಲ. ಆದಿಲ್. ನ್ಯಾಯವಂತ.

ಮಾಂಸ ತಿಂದ, ಹರಸಿದ, ಹೋದ.

ಜನವರಿ 20, ಬೆಳಗ್ಗೆ ಒಂಬತ್ತು

ಹತ್ತಕ್ಕೆ ವಿಚಾರಣೆ. ಬಾಲ್ಕಿಯಾ ಹತ್ತಿರ ಕೈಗವಸು ಕೇಳಿ ತಂದೆ. "ಸುಯಿಂಶಿ ಕೊಟ್ಟು ವಾಪಸ್ ಕೇಳ್ತಾರಾ? ನಾಚಿಕೆ ಇಲ್ವಾ ನಿಂಗೆ?" ಅಂದಳು. ಇದೆ. ಅದಕ್ಕೇ ಕೇಳಿದ್ದು. ಮೇಜಿನ ಮೇಲಿಟ್ಟು ಹೇಳುವುದು: ಕಾಯಿಸಿದ್ದು ಮೂರು. ನಾಲ್ಕು ಅಂದವನು ನಾನು.

ಒಪ್ಪಿಕೊಂಡ ಮೇಲೆ ಜೈಲಿಗೆ ಹಾಕಿದರೆ ಮತ್ತೆ ಯಾವಾಗ ಮನೆಗೆ ಬರುತ್ತೇನೋ. ಒಳಗೆ ಆದಿಲ್ ಅಳುತ್ತಿದ್ದಾನೆ. ಒಂದು ಸಲ ಎತ್ತಿಕೊಂಡು —