ರವಾನೆ ಪುಸ್ತಕದಲ್ಲಿ ಬಿಟ್ಟ ಎರಡು ಸಾಲು

12-7-1963, ಶುಕ್ರವಾರ

ಟಪಾಲು ಹದಿನಾಲ್ಕು. ಗೋಂದು ಮುಗಿದಿದೆ, ಇಂಡೆಂಟ್ ಹಾಕಬೇಕು.

ಕನ್ನಪ್ಪ ಇವತ್ತೂ ಬಂದಿದ್ದ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಕಚೇರಿಯ ಬೆಂಚಿನ ಮೇಲೆಯೇ. ಅವನ ಹಳ್ಳಿ ಅಣೆಕಟ್ಟಿನ ನೀರಿಗೆ ಹೋಗುವ ಪಟ್ಟಿಯಲ್ಲಿದೆ. ಬದಲಿಗೆ ನಮ್ಮ ಕಚೇರಿ ತೋರಿಸಿದ ಜಾಗ ಬರೀ ಕಲ್ಲಂತೆ. ಮಧ್ಯಾಹ್ನ ನನ್ನ ಅವಲಕ್ಕಿಯಲ್ಲಿ ಅರ್ಧ ಕೊಟ್ಟೆ. ಸಾಹೇಬರು ಹೊರಡುವಾಗ ಎದ್ದು ನಿಂತು ಎಲ್ಲರೆದುರೇ ಹೇಳಿದ— "ಸಾಹೇಬ್ರೇ, ಸಹಿ ಹಾಕೋ ಮುಂಚೆ ಒಂದ್ಸಲ ಆ ಜಾಗ ನೋಡ್ಕಂಡು ಬನ್ನಿ. ಅಲ್ಲಿ ಒಂದು ಹಿಡಿ ಮಣ್ಣು ಸಿಕ್ರೆ ನಾನು ಮೀಸೆ ಬೋಳಿಸ್ಕತೀನಿ." ಜವಾನ ಬೆಳ್ಳಪ್ಪ ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಸಾಹೇಬರ ಮುಖ ಕೆಂಪಾಯಿತು.

ಹೊರಗೆ ಹೋಗುವ ಕಾಗದಗಳ ರವಾನೆ ಪುಸ್ತಕದಲ್ಲಿ ದಿನದ ಕೊನೆಗೆ ಎರಡು ನಂಬರು, ಎರಡು ಸಾಲು ಖಾಲಿ ಬಿಟ್ಟು ಗೆರೆ ಎಳೆದೆ. ಹಿಂದಿನ ಗುಮಾಸ್ತರು ಸೀತಾರಾಮಪ್ಪನವರು ಕಲಿಸಿಕೊಟ್ಟ ಕ್ರಮ. ಸಾಹೇಬರಿಗೆ ತಡವಾಗಿ ಏನಾದರೂ ನೆನಪಾದರೆ ಅದೇ ತಾರೀಖಿಗೆ ಸೇರಿಸಬಹುದು.

19-7

ಕನ್ನಪ್ಪನನ್ನು ಪೊಲೀಸರು ಕರೆದೊಯ್ದರಂತೆ. ಚೀನಾ ಯುದ್ಧದ ವೇಳೆ ತಂದ ಭಾರತ ರಕ್ಷಣಾ ನಿಯಮ, ವಿಚಾರಣೆಯಿಲ್ಲದೆ ಒಳಗಿಡಬಹುದಂತೆ. ದೇಶಕ್ಕೆ ಇವನಿಂದ ಅಪಾಯವಂತೆ! ಚಪ್ಪಲಿ ಹೊರಗೆ ಬಿಟ್ಟು ಕಚೇರಿ ಮೆಟ್ಟಿಲು ಹತ್ತುವ ಮನುಷ್ಯ.

22-7, ಸೋಮವಾರ

ಸಾಹೇಬರು ಒಳಗೆ ಕರೆದು ಡಿಕ್ಟೇಶನ್ ಕೊಟ್ಟರು. 'ಕನ್ನಪ್ಪ ಎಂಬಾತ ದಿನಾಂಕ 12ರಂದು ನಿಟ್ಟೂರಿನಲ್ಲಿ ಜನ ಸೇರಿಸಿ, ಜೋಗದ ಕರೆಂಟ್ ಕಂಬಗಳನ್ನು ಉರುಳಿಸಬೇಕೆಂದು ಭಾಷಣ ಮಾಡಿದ...' ನನ್ನ ಪೆನ್ಸಿಲ್ ನಿಂತಿತು.

"ಪೊಲೀಸ್ರಿಗೆ ಫೋನಲ್ಲಿ ಆಗ್ಲೇ ಹೇಳಿದ್ದೆ ಮೂರ್ತಿ. ಈಗ ಕಾಗದ ಕೇಳ್ತಿದಾರೆ, ಅಷ್ಟೆ. ಹನ್ನೆರಡನೇ ತಾರೀಖಿಗೆ ಜಾಗ ಇದ್ಯಲ್ಲ?"

ಇತ್ತು. ನಾನೇ ಬಿಟ್ಟದ್ದು. ಆ ಕಾಗದಕ್ಕೆ ಹನ್ನೆರಡರ ನಂಬರು ಕೊಟ್ಟು ನನ್ನ ಕೈಯಲ್ಲೇ ತುಂಬಿಸಿದೆ. ಅಕ್ಷರ ದುಂಡಗೆ ಬಂದಿದೆ.



18-8, ಭಾನುವಾರ

ಕನ್ನಪ್ಪನ ಹೆಂಡತಿ ಕೆರಿಯಮ್ಮ ವಾರದಿಂದ ಅದೇ ಬೆಂಚಿನ ಮೇಲೆ ಕೂರುತ್ತಿದ್ದಾಳೆ. ಓದು ಬರುವುದಿಲ್ಲ. ಸಾಗರಕ್ಕೆ ವಕೀಲರ ಹತ್ತಿರ ಕರೆದುಕೊಂಡು ಹೋಗಿ ಎಂದಳು. ಇಲ್ಲವೆನ್ನುವ ಮುಖ ನನಗೆಲ್ಲಿದೆ? ಹೋದೆ.

ವಕೀಲ ವರ್ಧಮಾನಯ್ಯನವರು ಕನ್ನಡಕ ತೆಗೆದಿಟ್ಟರು. "ನೋಡಮ್ಮ, ಹೋದ ನವೆಂಬರಲ್ಲಿ ರಾಷ್ಟ್ರಪತಿಗಳು ಒಂದು ಆಜ್ಞೆ ಹೊರಡಿಸಿದಾರೆ. ಈ ಕಾನೂನಲ್ಲಿ ಹಿಡಿದವರು, ನನ್ನ ಸ್ವಾತಂತ್ರ್ಯ ಕಿತ್ಕೊಂಡ್ರು ಅಂತ ಕೋರ್ಟಿಗೆ ಹೋಗೋ ಹಾಗಿಲ್ಲ. ಹಕ್ಕು ಇದೆ, ಕೇಳೋಕೆ ಬಾಗಿಲು ಮಾತ್ರ ಇಲ್ಲ."

"ಚೀನಾದವರು ಹಿಂದೆ ಹೋಗಿ ಒಂಬತ್ತು ತಿಂಗಳಾಯ್ತಲ್ಲ ಸಾರ್," ಎಂದೆ.

"ಅದನ್ನ ಕೇಳೋಕೂ ಕೋರ್ಟೇ ಬೇಕಲ್ಲ ಮೂರ್ತಿ."

ಕೆರಿಯಮ್ಮ ಕೇಳಿದಳು. "ಅಯ್ಯಾ, ರಾಷ್ಟ್ರಪತಿಯವ್ರಿಗೆ ನಮ್ಮನೆಯವ್ರ ಹೆಸರು ಗೊತ್ತಿತ್ತಾ?"

ಹೆಸರು ಬರೆದವನು ನಾನು, ಪಕ್ಕದಲ್ಲೇ ಕೂತಿದ್ದೆ.

8-9, ಭಾನುವಾರ

ದಿಲ್ಲಿಯ ಸುಪ್ರೀಂ ಕೋರ್ಟಿನ ತೀರ್ಪು ಪೇಪರಿನಲ್ಲಿ ಬಂದಿದೆ. ಮತ್ತೆ ಸಾಗರ, ಕೆರಿಯಮ್ಮನ ಜೊತೆ. ವಕೀಲರು ಎರಡೆರಡು ಸಲ ಓದಿ ಹೇಳಿದರು— ರಾಷ್ಟ್ರಪತಿಗಳ ಆಜ್ಞೆ ನಿಲ್ಲುತ್ತದೆ, ಬಾಗಿಲು ಹಾಕಿದ್ದು ಹಾಕಿದ್ದೇ. "ಆದ್ರೆ ಒಂದು ಸಂದು ಬಿಟ್ಟಿದಾರೆ ಮೂರ್ತಿ! ದ್ವೇಷದಿಂದ, ಸುಳ್ಳು ಹೇಳಿ ಹಿಡಿಸಿದಾರೆ ಅಂತ ತೋರಿಸಿದ್ರೆ ಕೋರ್ಟು ಈಗ್ಲೂ ಕೇಳುತ್ತೆ. ತೋರಿಸೋಕೆ ಕಚೇರಿ ಒಳಗಿನವರು ಬೇಕು."

ಕೆರಿಯಮ್ಮ ಹೇಳಿದಳು, "ಜೈಲಲ್ಲಿ ನೋಡ್ದಾಗ ಅವ್ರು ಅಂದ್ರು. ಹನ್ನೆರಡನೇ ತಾರೀಖು ನಿಟ್ಟೂರಲ್ಲಿ ಭಾಷಣ ಮಾಡ್ದೆ ಅಂತಾರಂತೆ. ಅವತ್ತು ಬೈಗಿನ ತನಕ ನಿಮ್ ಬೆಂಚ್ ಮೇಲಿದ್ರಲ್ಲ ಅಯ್ಯಾ? ನಿಮ್ಮ ಅವಲಕ್ಕಿ ತಿಂದ್ರಂತೆ."

"ಅವತ್ತೇ ಬರೆದಿಟ್ಟದ್ದು ಏನಾದ್ರೂ ಇದ್ಯಾ?" ವಕೀಲರು ನನ್ನನ್ನೇ ನೋಡಿದರು.

ಇಲ್ಲ ಎಂದೆ. ಈ ದಿನಚರಿ ಪುಸ್ತಕ ನನ್ನ ಚೀಲದಲ್ಲೇ ಇತ್ತು.

9-9

ಹೆಂಡತಿ ವಿಶಾಲಿಗೆ ಎಲ್ಲ ಹೇಳಿಬಿಟ್ಟೆ. ಅವಳೀಗ ಆರು ತಿಂಗಳ ಬಸುರಿ. ಬಯ್ಯಲಿಲ್ಲ, ಅಳಲಿಲ್ಲ. "ಆ ದಿನಚರಿ ಕೊಡ್ಬೇಡಿ ಅನ್ನೋಲ್ಲ ನಾನು. ನಿಮ್ಮನ್ನೂ ಅದೇ ಕಾನೂನಲ್ಲಿ ಒಳಗೆ ಹಾಕಿದ್ರೆ ನಾನು ಯಾವ ಬೆಂಚ್ ಮೇಲೆ ಕೂರ್ಲಿ ಅಂತ ಹೇಳಿಬಿಡಿ, ಸಾಕು."

ನಾಡಿದ್ದು ಅವಳನ್ನು ಮೇಳಿಗೆಗೆ, ತವರಿಗೆ ಕಳಿಸಬೇಕು. ಅವಳು ಅಲ್ಲಿಗೆ ಹೋದರೆ ನನಗೆ ಧೈರ್ಯ ಬರಬಹುದು... ಯಾರಿಗೆ ಗೊತ್ತು.

1-10

ವಿಶಾಲಿ ಮೇಳಿಗೆಯಲ್ಲಿ ಚೆನ್ನಾಗಿದ್ದಾಳೆ. ಧೈರ್ಯ ಬರಲಿಲ್ಲ.

ನನ್ನ ಕೆಲಸ ಖಾಯಂ ಆಯಿತು. ಸಾಹೇಬರು ಕೈಕುಲುಕಿ, "ಪುಸ್ತಕ ಅಚ್ಚುಕಟ್ಟಾಗಿ ಇಟ್ಟಿದೀರಿ" ಎಂದರು. ಬೆಳ್ಳಪ್ಪ ಸಿಹಿ ಕೊಡಿಸಿ ಎಂದ. ಕೊಡಿಸಿದೆ. ಬೆಂಚಿನ ಮೇಲಿದ್ದ ಕೆರಿಯಮ್ಮನಿಗೂ ಒಂದು ಲಾಡು ಕೊಟ್ಟ ಆ ಬೆಳ್ಳಪ್ಪ. "ಒಳ್ಳೇದಾಗ್ಲಿ ಅಯ್ಯಾ" ಎಂದು ಸೆರಗಿಗೆ ಕಟ್ಟಿಕೊಂಡಳು. ನನ್ನ ಮೇಲೆ ನನಗೇ ಹೇಸಿಗೆ.

ಜುಲೈ 22ರಿಂದ ಈಚೆಗೆ ನಾನು ಖಾಲಿ ಸಾಲು ಬಿಟ್ಟಿಲ್ಲ. ಕೊನೆಯ ನಂಬರಿನ ಕೆಳಗೇ ಗೆರೆ. ನನ್ನ ಶೌರ್ಯ ಇಷ್ಟೇ.

7-10, ಸೋಮವಾರ

ವಕೀಲರಿಂದ ಕಾರ್ಡು. ಗುರುವಾರ ಬೆಂಗಳೂರಿಗೆ ಹೊರಡುತ್ತಾರಂತೆ, ಹೈಕೋರ್ಟಿಗೆ ಅರ್ಜಿ ಹಾಕಲು. 'ಏನಾದರೂ ಸಿಕ್ಕಿದರೆ ಬುಧವಾರದೊಳಗೆ ತಲುಪಿಸಿ. ಇಲ್ಲದಿದ್ದರೆ ಅರ್ಜಿ ಹಾಕಿ ಪ್ರಯೋಜನವಿಲ್ಲ.'

9-10, ಬುಧವಾರ, ಬೆಳಿಗ್ಗೆ 7-50

ಸಾಗರದ ಬಸ್ಸು ಎಂಟೂವರೆಗೆ. ಇಷ್ಟು ಬರೆದು ಈ ದಿನಚರಿಯನ್ನು ಟವೆಲ್ಲಿನಲ್ಲಿ ಸುತ್ತುತ್ತೇನೆ. ರಜೆಯ ಅರ್ಜಿ ಬರೆದಾಯಿತು— ಹೊಟ್ಟೆನೋವು.

ಅದೇ ದಿನ, 9-15

ಬಸ್ ಸ್ಟ್ಯಾಂಡಿನವರೆಗೆ ಹೋದೆ. ಟಿಕೆಟ್ಟೂ ತೆಗೆದೆ. ಸಾಹೇಬರ ಜೀಪು ಬಂದು ನಿಂತಿತು. "ಏನು ಮೂರ್ತಿ, ಎಲ್ಲಿಗೆ?" ಅಷ್ಟೇ ಕೇಳಿದ್ದು. ಮತ್ತೇನೂ ಇಲ್ಲ. "ಕಚೇರಿಗೇ ಸಾರ್" ಎಂದು ಜೀಪು ಹತ್ತಿದೆ.

11-10, ಶುಕ್ರವಾರ

ಕೆರಿಯಮ್ಮ ಬಂದಳು. "ವಕೀಲ್ರು ಹೋಗ್ಲಿಲ್ವಂತೆ ಅಯ್ಯಾ. ಬರ್ದಿಟ್ಟಿದ್ದು ಎಂತದೂ ಸಿಗ್ಲಿಲ್ಲ ಅಂದ್ರು. ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ." ಬಾಳೆ ಎಲೆಯಲ್ಲಿ ಕಟ್ಟಿದ ಅವಲಕ್ಕಿ ನನ್ನ ಮೇಜಿನ ಮೇಲಿಟ್ಟಳು. ಅವತ್ತು ಗಂಡನಿಗೆ ಕೊಟ್ಟದ್ದಕ್ಕಂತೆ.

ಸಂಜೆ ಸಾಹೇಬರು ಒಳಗಿನಿಂದ ಬಂದು ಬೆಂಚಿನ ಕಡೆ ನೋಡಿದರು. "ಈ ಹೆಂಗಸು ದಿನಾ ಬರ್ತಾಳಾ?" ಎಂದರು. ಆಮೇಲೆ ರವಾನೆ ಪುಸ್ತಕ ತಿರುವಿ ಹಾಕಿ, "ಈಚೆಗೆ ಸಾಲು ಬಿಡ್ತಾ ಇಲ್ವಲ್ಲ ಮೂರ್ತಿ. ಎರಡು ಬಿಡಿ, ಬೇಕಾಗುತ್ತೆ."

ಬಿಟ್ಟೆ.

ಇಲ್ಲಿ ಬರೆದಿಡುತ್ತಿದ್ದೇನೆ. ಇವತ್ತು, ಅಕ್ಟೋಬರ್ 11, ಕೆರಿಯಮ್ಮ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಮ್ಮ ಕಚೇರಿಯ ಬೆಂಚಿನ ಮೇಲೆಯೇ ಇದ್ದಳು. ಬೇರೆಲ್ಲೂ ಹೋಗಲಿಲ್ಲ. ನನ್ನನ್ನು ಬಿಟ್ಟು ಯಾರೊಡನೆಯೂ ಮಾತಾಡಲಿಲ್ಲ. ನಾಳೆ ಯಾರಾದರೂ ಅವಳು ಬೇರೆಲ್ಲೋ ಇದ್ದಳು ಎಂದರೆ, ಈ ಸಲ ನಾನು...