ತುಟಿಗೆ ಬ, ಮ ಒಂದೇ

ಅಮ್ಮಾ,

ಇವತ್ತು ಪಿಟ್ಸ್‌ಬರ್ಗಿನ ನಮ್ಮ ಲ್ಯಾಬಿನಲ್ಲಿ ನಡೆದದ್ದನ್ನು ನಿನಗೇ ಮೊದಲು ಹೇಳಬೇಕು. ಕ್ಯಾನ್ಸರಿನಿಂದ ನಿನ್ನನ್ನು ಮೊದಲ ಸಲ ಉಳಿಸಿದ ಮದ್ದೇ ನಿನ್ನ ಕಿವಿಯನ್ನು ತಿಂದುಹಾಕಿತ್ತಲ್ಲ, ಅದನ್ನೇ ಇಲಿಯ ಒಳಗಿವಿಯ ಜೀವಕೋಶಗಳ ಮೇಲೆ ಹಾಕಿದ್ದೆವು. ಆ ಮದ್ದು ಬಿದ್ದಾಗ ಕೋಶಗಳನ್ನು ಸಾಯಿಸುವ ಒಂದು ಕಿಣ್ವವಿದೆ. ಅದರ ಬಾಯಿಗೆ ಸರಿಯಾಗಿ ಕೂತು ಮುಚ್ಚುವಂಥ ಪುಟ್ಟ ಅಣುವೊಂದನ್ನು ನಾನು ಕಟ್ಟಿದ್ದೆ, ಅದನ್ನೂ ಬೆರೆಸಿದ್ದೆವು. ಬೆಳಗ್ಗೆ ನೋಡಿದರೆ ಕೋಶಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಬದುಕಿದ್ದವು.

"ಏನೇ ಕೊರಿನ್, ಮಾಟ ಗೀಟ ಮಾಡಿಸಿದ್ಯಾ?" ಅಂದ ಪಕ್ಕದ ಮೇಜಿನ ಥಡಿಯಸ್. ಎಲ್ಲರೂ ನಕ್ಕರು. ನಾನು ಮಾತ್ರ ಅವನ ತುಟಿಯನ್ನೇ ನೋಡುತ್ತಿದ್ದೆ, ಕಿವಿ ಹೋದಮೇಲೆ ತುಟಿ ನೋಡಿಯೇ ಮಾತು ಓದುತ್ತಿದ್ದ ನಿನ್ನ ಹಾಗೆ.

ಕೊನೆಯ ಸಲ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿ, "ನನ್ನ ನೋಡೋಕೆ ಬರೋದು ನೆನಪಿದ್ಯಾ?" ಅಂತ ಕೇಳಿದ್ದೆ ನೀನು. "ಬರ್ತಿದೀನಿ" ಅಂದೆ ನಾನು. ನೀನು ಅದನ್ನು "ಮರ್ತಿದೀನಿ" ಅಂತ ಓದಿಕೊಂಡೆ. "ಹೋಗ್ಲಿ ಬಿಡು ಮಗಳೇ, ನಿಂಗೂ ಕೆಲಸ ಇರತ್ತೆ" ಅಂತ ನಕ್ಕು ಫೋನಿಟ್ಟುಬಿಟ್ಟೆ. ನಾನು ಬಂದು ತಲುಪುವಷ್ಟರಲ್ಲಿ ನಿನ್ನ ಕಣ್ಣೂ ಮುಚ್ಚಿತ್ತು.

ತುಟಿಯ ಮೇಲೆ ಎರಡೂ ಒಂದೇ ಅಮ್ಮಾ. ಕಾಗದದ ಮೇಲೆ ಬೇರೆ ಬೇರೆ. ಅದಕ್ಕೇ ದೊಡ್ಡದಾಗಿ ಬರೆದಿದ್ದೀನಿ, ನೋಡು.

ಬರ್ತಿದ್ದೆ.